ಇಂಗ್ಲಿಷ್ ಪಾಠದ ಹಿಂದಿರುವ ಮಾಸ್ತರರ ಬದುಕು

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದಾಗಲೆಲ್ಲ ಜಿಲ್ಲೆಗಳ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಕಲಬುರಗಿ ಭಾಗದ ನಮಗೆ ರೂಢಿಯಾಗಿಬಿಟ್ಟಿದೆ. 2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ 91.12ರಷ್ಟು ಫಲಿತಾಂಶದೊಂದಿಗೆ ಮೊದಲ ಸ್ಥಾನದಲ್ಲಿದ್ದರೆ, ಕಲಬುರಗಿ ಶೇ 42.43ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ಇಂಥ ಫಲಿತಾಂಶ ಬಂದ ಮರುದಿನದಿಂದಲೇ ಕಾರಣಗಳ ಹುಡುಕಾಟ ಶುರುವಾಗುತ್ತದೆ. ಅಧಿಕಾರಿಗಳಿಗೆ ನೋಟಿಸು, ಶಿಕ್ಷಕರಿಗೆ ಸಭೆ, ಮಕ್ಕಳಿಗೆ ವಿಶೇಷ ತರಗತಿ. ಗಣಿತ ಮತ್ತು ವಿಜ್ಞಾನದ ಜೊತೆಗೆ ಇಂಗ್ಲಿಷ್ ವಿಷಯವೂ ಆರೋಪಿಯ ಸ್ಥಾನದಲ್ಲಿ ನಿಲ್ಲುತ್ತದೆ. ಪಠ್ಯಪುಸ್ತಕ ಕಠಿಣವಾಯಿತೆಂದು ಕೆಲವರು ಹೇಳಿದರೆ, ವಿಧಾನ ಹಳೆಯದಾಯಿತೆಂದು ಮತ್ತೆ ಕೆಲವರು ಹೇಳುತ್ತಾರೆ. ಆದರೆ ಇಂಗ್ಲಿಷ್ ಕಲಿಸಲು ನಿಂತಿರುವ ಆ ಮನುಷ್ಯ ಎಲ್ಲಿಂದ ಬಂದವನು, ಆ ಭಾಷೆಯನ್ನು ಅವನು ಸ್ವತಃ ಹೇಗೆ ಕಲಿತ, ಅದು ಅವನಿಗೆ ಏನನ್ನು ಕೊಟ್ಟಿತು, ಏನನ್ನು ಕಸಿಯಿತು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಯಡ್ರಾಮಿ ಸೀಮೆಯ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತ, ಅನಂತರ ಶಿಕ್ಷಕರ ತರಬೇತಿಗಳಲ್ಲಿ ಸಂಪನ್ಮೂಲ ವ್ಯಕ್ತಿಯಾಗಿ ಓಡಾಡುತ್ತ ನನ್ನ ಸೇವಾವಧಿಯ ಬಹುಭಾಗ ಕಳೆದಿದೆ. ಆ ಅನುಭವದಿಂದ ಹೇಳುವುದಾದರೆ, ತರಗತಿಯಲ್ಲಿ ನಿಜವಾಗಿ ಪಾಠ ಮಾಡುವುದು ಸರ್ಕಾರ ಅಚ್ಚು ಹಾಕಿಸಿದ ಪುಸ್ತಕವಲ್ಲ, ಶಿಕ್ಷಕನ ಬದುಕು. ಪುಸ್ತಕಗಳು ಹಲವು ಬಾರಿ ಬದಲಾಗಿವೆ. ಅವುಗಳ ಹಿಂದಿನ ಸಿದ್ಧಾಂತಗಳೂ ಬದಲಾಗಿವೆ. ಆದರೆ ಒಬ್ಬೊಬ್ಬ ಶಿಕ್ಷಕರ ತರಗತಿಯೂ ಮೊದಲು ಹೇಗಿತ್ತೋ ಬಹುಮಟ್ಟಿಗೆ ಹಾಗೆಯೇ ಉಳಿದದ್ದನ್ನು ನಾನು ಕಂಡಿದ್ದೇನೆ.

2017ರ ಬಜೆಟ್ಟಿನಲ್ಲಿ ಘೋಷಣೆಯಾಗಿ ಜೇವರ್ಗಿಯಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾದ ಯಡ್ರಾಮಿ, ವಿಜಯಪುರ ಮತ್ತು ಯಾದಗಿರಿ ಜಿಲ್ಲೆಗಳ ಅಂಚಿನಲ್ಲಿದೆ. ತೊಗರಿ ಮತ್ತು ಜೋಳದ ಕರಿನೆಲ. ಇಲ್ಲಿ ಕನ್ನಡದ ಜೊತೆ ಉರ್ದು ಇದೆ. ತಾಂಡಾಗಳಲ್ಲಿ ಲಂಬಾಣಿ ಇದೆ. ಈ ತಾಲ್ಲೂಕಿಗೇ ಸೇರಿದ ಕಡಕೋಳದಲ್ಲಿ ನೆಲೆಸಿದ್ದ ತತ್ವಪದಕಾರ ಮಡಿವಾಳಪ್ಪನವರಿಗೆ ಚನ್ನೂರು ಜಲಾಲಸಾಹೇಬರಂಥ ಶಿಷ್ಯರಿದ್ದರು. ಜಾತಿಮತಗಳ ಗೆರೆಯನ್ನು ದಾಟಿ ಮಾತು ಹರಿದಾಡಿದ ನಾಡು ಇದು. ಆದರೆ ಶಾಲೆಯ ಹೊಸ್ತಿಲು ದಾಟಿದ ಕೂಡಲೇ ಈ ಸಂಪತ್ತೆಲ್ಲ ತೊಡಕೆಂದು ಗಣನೆಯಾಗುತ್ತದೆ. ಮನೆಯಲ್ಲಿ ‘ಸಾಲಿ’ ಎನ್ನುವ ಮಗುವಿಗೆ ಪುಸ್ತಕ ‘ಶಾಲೆ’ ಎಂದು ಹೇಳುತ್ತದೆ. ಮನೆಯಲ್ಲಿ ಲಂಬಾಣಿ ಆಡುವ ಮಗುವಿಗೆ ಈ ಎರಡೂ ಹೊಸತೇ. ಅದರ ಮೇಲೆ ಇಂಗ್ಲಿಷ್. ಹೀಗಾಗಿ, ‘ಇಂಗ್ಲಿಷನ್ನು ಕನ್ನಡದ ಮೂಲಕ ವಿವರಿಸಿ ಕಲಿಸಿದ್ದೇವೆ’ ಎಂದು ನಾವು ವರದಿ ಬರೆಯುವಾಗ, ಹಲವು ಮಕ್ಕಳಿಗೆ ಆ ವಿವರಣೆಯೇ ಮತ್ತೊಂದು ಪಾಠವಾಗಿರುತ್ತದೆ. 2011ರ ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಅಂದಿನ ಗುಲಬರ್ಗಾ ಜಿಲ್ಲೆಯದು ಶೇ 64.85. ಮನೆಗೆ ಹೋಗಿ ಕೇಳಿಕೊಳ್ಳಲು ಓದು ಬಲ್ಲವರು ಇಲ್ಲದ ಮಗುವಿಗೆ ಇಂಗ್ಲಿಷ್ ಎಂದರೆ ಆ ಒಬ್ಬ ಮಾಸ್ತರರೇ.

ಆ ಮಾಸ್ತರರು ಯಾರು? ಬಹುಕಾಲದವರೆಗೆ ಕರ್ನಾಟಕದ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಆರಂಭವಾಗುತ್ತಿದ್ದುದು ಐದನೇ ತರಗತಿಯಲ್ಲಿ. 2007–08ರಿಂದ ಒಂದನೇ ತರಗತಿಯಿಂದಲೇ ಅದನ್ನು ಒಂದು ಭಾಷೆಯಾಗಿ ಕಲಿಸಬೇಕೆಂದು ಸರ್ಕಾರ ತೀರ್ಮಾನಿಸಿತು. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳೂ ತೆರೆದವು. ಈ ತೀರ್ಮಾನಗಳ ಸರಿತಪ್ಪುಗಳನ್ನು ಕುರಿತು ನಾಡಿನಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ನಾನು ಹೇಳಹೊರಟಿರುವುದು ಬೇರೆ ಮಾತು. ಐದನೇ ತರಗತಿಯಲ್ಲಿ ಮೊದಲ ಬಾರಿ ಎಬಿಸಿಡಿ ಕಂಡು, ಇಂಗ್ಲಿಷೆಂದರೆ ನಪಾಸಾಗುವ ವಿಷಯವೆಂದೇ ತಿಳಿದು, ಹೇಗೋ ದಡ ಸೇರಿ ಕನ್ನಡದಲ್ಲಿ ಕಲಿಸಲೆಂದು ನೇಮಕಗೊಂಡವರ ಕೈಗೇ ಆರು ವರ್ಷದ ಮಗುವಿನ ಇಂಗ್ಲಿಷನ್ನು ಒಪ್ಪಿಸಲಾಯಿತು. ಅವರ ಕೈಗೆ ಕೈಪಿಡಿಯೊಂದು ಬಂತು. ಅವರ ಮನಸ್ಸಿನೊಳಗಿದ್ದ ಭಯಕ್ಕೆ ಮಾತ್ರ ಯಾವ ಕೈಪಿಡಿಯೂ ಬರಲಿಲ್ಲ.

ಈ ವಿಷಯದಲ್ಲಿ ನಮಗೆ ದಾರಿ ತೋರಬಲ್ಲ ಚಿಂತನೆ ಪರದೇಶದಿಂದ ಬರಬೇಕಾಗಿಲ್ಲ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ‘ಬೆಂಗಳೂರು ಯೋಜನೆ’ ಎಂಬ ಹೆಸರಿನಿಂದಲೇ ಜಗತ್ತಿನ ಇಂಗ್ಲಿಷ್ ಬೋಧನೆಯ ಚರ್ಚೆಗಳಲ್ಲಿ ಪ್ರಸಿದ್ಧವಾಗಿದೆ. ವ್ಯಾಕರಣದ ನಿಯಮಗಳನ್ನು ಉರು ಹೊಡೆಸುವ ಬದಲು ನಕಾಶೆ, ರೈಲಿನ ವೇಳಾಪಟ್ಟಿ ಮುಂತಾದವನ್ನು ಕೊಟ್ಟು ಮಕ್ಕಳು ಲೆಕ್ಕ ಹಾಕುತ್ತ, ಯೋಚಿಸುತ್ತ ಭಾಷೆಯನ್ನು ಕಲಿಯುವಂತೆ ಮಾಡುವುದು ಅದರ ಮರ್ಮ. ಇಂಥದೊಂದು ವಿಧಾನವನ್ನು ರೂಪಿಸಿದ ವ್ಯಕ್ತಿಯೇ 1990ರಲ್ಲಿ ಬರೆದ ಲೇಖನವೊಂದರಲ್ಲಿ, ಸರ್ವಶ್ರೇಷ್ಠವಾದ ವಿಧಾನವೆಂಬುದು ಇಲ್ಲವೇ ಇಲ್ಲ ಎಂದು ವಾದಿಸಿದರು. ಕಲಿಕೆ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ ಪ್ರತಿಯೊಬ್ಬ ಶಿಕ್ಷಕನೊಳಗೂ ಒಂದು ನಂಬುಗೆ ಬೆಳೆದಿರುತ್ತದೆ. ಅವನು ವಿದ್ಯಾರ್ಥಿಯಾಗಿದ್ದಾಗ ಕಂಡದ್ದು, ಕಲಿಸುತ್ತ ಕಂಡುಕೊಂಡದ್ದು, ತಂದೆತಾಯಿಯಾಗಿ ಅರಿತದ್ದು ಎಲ್ಲವೂ ಸೇರಿ ಅದು ರೂಪುಗೊಳ್ಳುತ್ತದೆ. ಆ ನಂಬುಗೆ ಜೀವಂತವಾಗಿದ್ದರೆ ಪಾಠ ಜೀವಂತ. ಅದು ಯಾಂತ್ರಿಕವಾಗಿಬಿಟ್ಟರೆ ಎಂಥ ಒಳ್ಳೆಯ ವಿಧಾನವೂ ಜಡ. ಪ್ರಭು ಅವರ ವಾದದ ಸಾರ ಇದು. ನಮ್ಮ ಬೆಂಗಳೂರಿನ ಹೆಸರು ಹೊತ್ತ ಪ್ರಯೋಗದಿಂದ ಹೊರಟ ಈ ಅರಿವು ನಮ್ಮದೇ ತರಬೇತಿ ಕೊಠಡಿಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ ಎಂಬುದು ವಿಪರ್ಯಾಸ.

ಈ ಮಾತಿಗೆ ನನ್ನ ಸೀಮೆಯಲ್ಲಿಯೇ ನಿದರ್ಶನಗಳಿವೆ. ತಾಂಡಾದಲ್ಲಿ ಹುಟ್ಟಿ ಬೆಳೆದ ಶಿಕ್ಷಕರೊಬ್ಬರನ್ನು ನಾನು ಬಲ್ಲೆ. ಅವರು ಶಾಲೆಗೆ ಸೇರಿದಾಗ ಅವರಿಗೆ ಕನ್ನಡ ಬರುತ್ತಿರಲಿಲ್ಲ. ಮಾಸ್ತರರು ‘ಕುಂದರು’ ಎಂದರೆ ಉಳಿದವರು ಕುಳಿತದ್ದನ್ನು ನೋಡಿ ತಾವೂ ಕುಳಿತುಕೊಳ್ಳುತ್ತಿದ್ದರಂತೆ. ಇಂದು ಅವರ ಇಂಗ್ಲಿಷ್ ತರಗತಿಯಲ್ಲಿ ಕರಿಹಲಗೆಯ ಮೇಲೆ ಮೂರು ಸಾಲುಗಳಿರುತ್ತವೆ: ಕನ್ನಡದ ಮಾತು, ಲಂಬಾಣಿಯ ಮಾತು, ಇಂಗ್ಲಿಷಿನ ಮಾತು. ಉರ್ದು ಮನೆಮಾತಿನ ಮಕ್ಕಳಿದ್ದರೆ ನಾಲ್ಕನೆಯ ಸಾಲನ್ನು ಆ ಮಕ್ಕಳೇ ತುಂಬುತ್ತಾರೆ. ಆದೇಶಗಳನ್ನು ಮೊದಲು ಕೈಸನ್ನೆಯಿಂದ, ಆಮೇಲೆ ಬಾಯಿಮಾತಿನಿಂದ ಹೇಳುತ್ತಾರೆ. ಮೌನವಾಗಿ ಕುಳಿತ ಮಗುವನ್ನು ಅವರು ದಡ್ಡನೆಂದು ಕರೆಯುವುದಿಲ್ಲ. ಅದು ಕೇಳಿಸಿಕೊಳ್ಳುತ್ತಿದೆ, ನೋಡಿ ಕಲಿಯುತ್ತಿದೆ ಎಂಬುದು ಅವರಿಗೆ ಗೊತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವೆಂದು ಕರೆದಿದೆ. ಆ ದಾಖಲೆಯನ್ನು ಅವರು ಓದಿದ್ದಾರೋ ಇಲ್ಲವೋ ನಾನು ಕೇಳಲಿಲ್ಲ. ಅದರ ತಿರುಳನ್ನು ತಮ್ಮ ಬಾಲ್ಯದಲ್ಲಿಯೇ ಅನುಭವಿಸಿದ್ದಾರೆ.

ಇನ್ನೊಬ್ಬ ಶಿಕ್ಷಕಿಯ ತಂದೆತಾಯಿ ಗುಳೆ ಹೋಗುತ್ತಿದ್ದವರು. ತೊಗರಿ ರಾಶಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಹೋಗಿ ಮುಂಗಾರಿನ ಹೊತ್ತಿಗೆ ಮರಳುವ ಕುಟುಂಬಗಳು ಈ ಭಾಗದಲ್ಲಿ ಇಂದಿಗೂ ಇವೆ. ಅಂಥ ಮಕ್ಕಳು ಮರಳಿದಾಗ ಹಾಜರಿ ಪುಸ್ತಕ ಅವರನ್ನು ‘ಗೈರುಹಾಜರು’ ಎಂದಷ್ಟೇ ಗುರುತಿಸುತ್ತದೆ. ಈ ಶಿಕ್ಷಕಿ ಅವರನ್ನು ಬೇರೆಯೇ ಪ್ರಶ್ನೆ ಕೇಳುತ್ತಾರೆ: ಯಾವ ಊರಿಗೆ ಹೋಗಿದ್ದಿರಿ, ಅಲ್ಲಿ ಯಾವ ಮಾತು ಕೇಳಿದಿರಿ, ಬೋರ್ಡುಗಳಲ್ಲಿ ಏನು ಬರೆದಿತ್ತು? ಸಿಮೆಂಟು, ಲಿಫ್ಟು, ಸೈಟು, ಸೂಪರ್‌ವೈಸರು, ಪೇಮೆಂಟು, ಓವರ್‌ಟೈಮು – ಮಕ್ಕಳ ಬಾಯಿಂದಲೇ ಹತ್ತಿಪ್ಪತ್ತು ಇಂಗ್ಲಿಷ್ ಶಬ್ದಗಳು ಹೊರಬರುತ್ತವೆ. ಅವುಗಳ ಕಾಗುಣಿತದಿಂದ ಅವರ ಪಾಠ ಶುರುವಾಗುತ್ತದೆ. ವರ್ಷದ ನಡುವೆ ಬಿಟ್ಟುಹೋದ ಪಾಠಗಳನ್ನು ಜೂನ್ ತಿಂಗಳಲ್ಲಿ ಬೇಸರವಿಲ್ಲದೆ ಮತ್ತೆ ಎತ್ತಿಕೊಳ್ಳುತ್ತಾರೆ. ಇದನ್ನು ಯಾವ ತರಬೇತಿಯೂ ಅವರಿಗೆ ಕಲಿಸಲಿಲ್ಲ. ತಾವೇ ಒಂದು ವರ್ಷ ಪರೀಕ್ಷೆ ತಪ್ಪಿಸಿಕೊಂಡು ಅಪ್ಪನ ಹಿಂದೆ ಹೋದದ್ದು ಅವರಿಗೆ ನೆನಪಿದೆ, ಅಷ್ಟೆ.

ಪರಭಾಷೆಯ ಶಾಲೆ ಈ ಪ್ರದೇಶಕ್ಕೆ ಹೊಸ ಅನುಭವವೂ ಅಲ್ಲ. ನಿಜಾಮರ ಆಳ್ವಿಕೆಯಲ್ಲಿ ಆಡಳಿತ ಮತ್ತು ಶಿಕ್ಷಣದ ಭಾಷೆ ಉರ್ದುವಾಗಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲಿ ಕೊಟ್ಟಿತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯ ಸೇರುವ ಹೊತ್ತಿಗೆ, ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಉರ್ದು ಓದಿದ ಒಂದು ತಲೆಮಾರು ಇಲ್ಲಿ ಬೆಳೆದಿತ್ತು. ನನ್ನ ತಂದೆ ಆ ತಲೆಮಾರಿನವರು. ಅವರ ಸಮಕಾಲೀನರಲ್ಲಿ ಕೆಲವರು ಮುಂದೆ ಕನ್ನಡ ಶಾಲೆಗಳ ಮಾಸ್ತರರಾದರು; ನನಗೆ ಕಲಿಸಿದವರಲ್ಲಿಯೂ ಅಂಥವರಿದ್ದರು. ತಾವು ಶಾಲೆಯಲ್ಲಿ ಎರವಲು ಭಾಷೆಯೊಂದರಲ್ಲಿ ತಡವರಿಸಿದ್ದನ್ನು ಅವರು ಮರೆತಿರಲಿಲ್ಲ. ಇಂಗ್ಲಿಷ್ ವಾಕ್ಯ ತಪ್ಪಿದ ಹುಡುಗನಿಗೆ ‘ನಿಧಾನಕ್ಕ ಹೇಳು, ಮಾತು ಎಲ್ಲಿಗೂ ಓಡಿ ಹೋಗಂಗಿಲ್ಲ’ ಎನ್ನುವ ಸಮಾಧಾನ ಅವರಲ್ಲಿತ್ತು. ಭಾಷೆಯನ್ನು ಹೊರಗಿನವನಾಗಿ ಕಲಿತವನಿಗೆ ಮಾತ್ರ ಬರುವ ಸಮಾಧಾನ ಅದು.

ನಾಡಿನ ದೊಡ್ಡ ಇಂಗ್ಲಿಷ್ ಅಧ್ಯಾಪಕರ ಪರಂಪರೆಯೂ ಇದನ್ನೇ ಹೇಳುತ್ತದೆ. ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುತ್ತಲೇ 1911ರಲ್ಲಿ ಧಾರವಾಡಕ್ಕೆ ಬಂದು ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದರು. ಹತ್ತಿಮತ್ತೂರಿನ ಹಳ್ಳಿಯಿಂದ ಹೋಗಿ ಲೀಡ್ಸ್‌ನಲ್ಲಿ ಭಾಷಾವಿಜ್ಞಾನ ಓದಿ ಬಂದು ಧಾರವಾಡದಲ್ಲಿ ಇಂಗ್ಲಿಷ್ ಕಲಿಸಿದ ಚಂದ್ರಶೇಖರ ಪಾಟೀಲರು ಗೋಕಾಕ್ ಚಳವಳಿಯ ಮುಂಚೂಣಿಯಲ್ಲಿದ್ದರು. ಇವರೆಲ್ಲ ತಮ್ಮ ಕನ್ನಡದ ಬದುಕನ್ನು ಹೊರಗಿಟ್ಟು ಇಂಗ್ಲಿಷ್ ತರಗತಿಯೊಳಗೆ ಹೋದವರಲ್ಲ.

ಹಾಗೆಂದು ಕಷ್ಟ ಉಂಡವರೆಲ್ಲ ಒಳ್ಳೆಯ ಶಿಕ್ಷಕರಾಗುತ್ತಾರೆಂಬ ಭಾವುಕತೆಗೆ ನಾವು ಬೀಳಬೇಕಿಲ್ಲ. ಅನುಭವಕ್ಕೆ ಎರಡು ಅಲಗುಗಳಿವೆ. ಸ್ಪೆಲ್ಲಿಂಗ್ ತಪ್ಪಿದ್ದಕ್ಕೆ ಅಂಗೈ ಊದುವಂತೆ ಏಟು ತಿಂದವರೊಬ್ಬರು, ‘ಆ ಏಟಿನಿಂದಲೇ ನಾನು ಇಲ್ಲಿಗೆ ಬಂದೆ’ ಎಂದು ತರಬೇತಿಯ ಊಟದ ವಿರಾಮದಲ್ಲಿ ಅಭಿಮಾನದಿಂದ ಹೇಳಿಕೊಂಡದ್ದು ನನಗೆ ನೆನಪಿದೆ. ಅವರ ತರಗತಿಯಲ್ಲಿ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ. ಗೈಡಿನ ಉತ್ತರಗಳನ್ನು ಹಲಗೆಗೆ ಇಳಿಸುವುದು, ಮಕ್ಕಳು ಅದನ್ನು ವಹಿಗೆ ಇಳಿಸಿಕೊಳ್ಳುವುದು, ಇದೇ ಇಂಗ್ಲಿಷ್. ತಾವು ಗೈಡಿನಿಂದ ಪಾಸಾದವರು, ಮಕ್ಕಳನ್ನೂ ಗೈಡಿನಿಂದಲೇ ಪಾಸು ಮಾಡಿಸಬೇಕೆಂಬ ಪ್ರಾಮಾಣಿಕ ಕಾಳಜಿ ಅವರದು. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಪ್ರಕಟಿಸಿದ ತಮ್ಮ ಕೃತಿಯಲ್ಲಿ, ಶಾಲೆ ಮುಗಿಸುವ ಹೊತ್ತಿಗೆ ವಿದ್ಯಾರ್ಥಿಯೊಬ್ಬ ಸುಮಾರು 13,000 ಗಂಟೆ ಶಿಕ್ಷಕರನ್ನು ನೋಡುತ್ತ ಕಳೆದಿರುತ್ತಾನೆಂದು ಲೆಕ್ಕ ಹಾಕಿದ್ದರು. ಮುಂದೆ ಶಿಕ್ಷಕನಾದಾಗ ಅವನು ಕಲಿಸುವುದು ಆ ಗಂಟೆಗಳನ್ನೇ. ಅದರ ಮುಂದೆ ಹತ್ತು ದಿನಗಳ ತರಬೇತಿ ಎಷ್ಟರದು?

ಹಾಗಾದರೆ ತಾಂಡಾದ ಶಿಕ್ಷಕರಿಗೂ ಗೈಡಿನ ಶಿಕ್ಷಕರಿಗೂ ಇರುವ ವ್ಯತ್ಯಾಸವೇನು? ಇಬ್ಬರೂ ಇಂಗ್ಲಿಷಿನ ಮುಂದೆ ಅವಮಾನ ಉಂಡವರೇ. ಒಬ್ಬರು ಆ ಅವಮಾನವನ್ನು ತಿರುಗಿ ನೋಡಿ, ಅದು ಯಾಕೆ ಆಯಿತು, ಅದಿಲ್ಲದೆ ಕಲಿಯಬಹುದಿತ್ತೇ ಎಂದು ಕೇಳಿಕೊಂಡಿದ್ದಾರೆ. ಇನ್ನೊಬ್ಬರಿಗೆ ಹಾಗೆ ಕೇಳಿಕೊಳ್ಳುವ ಅವಕಾಶವನ್ನು ಯಾರೂ ಕೊಟ್ಟಿಲ್ಲ. ಅನುಭವ ತಾನಾಗಿಯೇ ಅರಿವಾಗುವುದಿಲ್ಲ. ಅದನ್ನು ಹೊರಗೆ ತೆಗೆದು, ನಾಲ್ಕು ಜನರ ಮುಂದಿಟ್ಟು, ಪರೀಕ್ಷಿಸಿದಾಗ ಮಾತ್ರ ಅದು ಅರಿವಾಗುತ್ತದೆ.

ಇಲ್ಲಿ ಮತ್ತೊಂದು ಆಕ್ಷೇಪಣೆ ಬರುವುದು ಸಹಜ. ಶಿಕ್ಷಕರಿಗೆ ಮೊದಲು ಇಂಗ್ಲಿಷ್ ಬರಬೇಕಲ್ಲ, ಬದುಕಿನ ಕತೆ ಕಟ್ಟಿಕೊಂಡು ಏನು ಮಾಡುವುದು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಇಂಗ್ಲಿಷ್ ಬಾರದವರು ಇಂಗ್ಲಿಷ್ ಕಲಿಸಲಾರರು. ಸಹಾನುಭೂತಿ ಭಾಷಾಜ್ಞಾನಕ್ಕೆ ಬದಲಿಯಲ್ಲ. ಆದರೆ ನಲವತ್ತು ದಾಟಿದ ಶಿಕ್ಷಕರು ಸಹೋದ್ಯೋಗಿಗಳ ಮುಂದೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಆಡಲು ಹಿಂಜರಿಯುವುದು ಶಬ್ದಗಳ ಕೊರತೆಯಿಂದ ಮಾತ್ರವಲ್ಲ, ನಕ್ಕಾರೆಂಬ ಅಂಜಿಕೆಯಿಂದ. ಆ ಅಂಜಿಕೆಗೆ ಅವರ ಶಾಲಾದಿನಗಳಷ್ಟೇ ವಯಸ್ಸಾಗಿರುತ್ತದೆ. ಅದನ್ನು ಮುಟ್ಟದೆ ಶಬ್ದಕೋಶವನ್ನೊಂದೇ ಬೆಳೆಸಲು ಹೊರಟರೆ, ತರಬೇತಿಯ ಪ್ರಮಾಣಪತ್ರ ಬರುತ್ತದೆ; ಮಾತು ಬರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಚಿಕ್ಕಂದಿನಿಂದ ಇಂಗ್ಲಿಷಿನಲ್ಲಿಯೇ ಓದಿ ನಿರರ್ಗಳವಾಗಿ ಮಾತಾಡಬಲ್ಲ ತರುಣ ಶಿಕ್ಷಕರೂ ಇದ್ದಾರೆ. ‘ಪುಟ್’ ಮತ್ತು ‘ಬಟ್’ ಶಬ್ದಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಉಚ್ಚಾರವೇಕೆಂದು, ಬರೆದಂತೆ ಓದುವ ಕನ್ನಡದ ಮಗು ಕೇಳಿದಾಗ ಅವರಿಗೆ ಅಚ್ಚರಿಯಾಗುತ್ತದೆ. ಕನ್ನಡದಲ್ಲಿ ಇಲ್ಲದ ‘ಎ’, ‘ದಿ’ಗಳು ಮಗುವಿಗೆ ಏಕೆ ಒಗ್ಗುವುದಿಲ್ಲವೆಂಬುದು, ಕ್ರಿಯಾಪದವನ್ನು ಕೊನೆಗಿಟ್ಟು ಮಾತಾಡುವ ಮಗು ಅದನ್ನು ನಡುವೆ ತರಲು ಎಷ್ಟು ಒದ್ದಾಡುತ್ತದೆಂಬುದು ಅವರಿಗೆ ಹೊಳೆದಿರುವುದೇ ಇಲ್ಲ. ಭಾಷೆ ಅವರಲ್ಲಿದೆ, ಅದನ್ನು ಕಲಿತ ನೆನಪು ಇಲ್ಲ. ಈ ಇಬ್ಬರನ್ನೂ ಒಂದೇ ಕೊಠಡಿಯಲ್ಲಿ ಕೂರಿಸಿದರೆ ಪರಸ್ಪರ ಕೊಡಬಹುದಾದದ್ದು ಬೇಕಷ್ಟಿದೆ.

ಸಂವಿಧಾನದ 371ನೇ (ಜೆ) ವಿಧಿ ಈ ದೃಷ್ಟಿಯಿಂದ ನಮಗೊಂದು ಅವಕಾಶವನ್ನು ತಂದಿದೆ. 2012ರ ತಿದ್ದುಪಡಿಯ ಮೂಲಕ ಬಂದ ಈ ವಿಧಿಯ ಫಲವಾಗಿ, ಶಿಕ್ಷಕ ಹುದ್ದೆಗಳು ಸೇರುವ ‘ಸಿ’ ಗುಂಪಿನಲ್ಲಿ ಶೇ 80ರಷ್ಟು ಸ್ಥಾನಗಳು ಈ ಭಾಗದವರಿಗೆ ಮೀಸಲಾದವು. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ 15,000 ಹುದ್ದೆಗಳ ಪೈಕಿ 5,000 ಹುದ್ದೆಗಳನ್ನು ಕಲ್ಯಾಣ ಕರ್ನಾಟಕಕ್ಕೆಂದೇ ಇಡಲಾಗಿತ್ತು. ಇದನ್ನು ನಾವು ಉದ್ಯೋಗದ ಲೆಕ್ಕದಲ್ಲಿ ಮಾತ್ರ ನೋಡಿದ್ದೇವೆ. ಈ ನೆಲದ ಬರ, ಗುಳೆ, ತಾಂಡಾ, ಉರ್ದುಮಿಶ್ರಿತ ಮಾತು ಇವೆಲ್ಲವನ್ನೂ ಬಲ್ಲವರು ತರಗತಿಗೆ ಬರುತ್ತಿದ್ದಾರೆ ಎಂಬುದು ಅದಕ್ಕಿಂತ ದೊಡ್ಡ ಲಾಭ. ಆದರೆ ಹಾಗೆ ಬಂದವರನ್ನು ಬರಿದಾದ ಪಾತ್ರೆಗಳೆಂದು ಭಾವಿಸಿ, ರಾಜಧಾನಿಯಲ್ಲಿ ಸಿದ್ಧವಾದ ಮಾಡ್ಯೂಲನ್ನು ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಕ್ಲಸ್ಟರಿಗೆ ಸುರಿಯುತ್ತ ಹೋದರೆ ಆ ಲಾಭ ಕೈತಪ್ಪುತ್ತದೆ. ಮೇಲಿನಿಂದ ಕೆಳಕ್ಕೆ ಇಳಿಯುತ್ತ ಮಾಡ್ಯೂಲು ತೆಳುವಾಗುತ್ತದೆ; ಕೆಳಗಿನ ಅನುಭವ ಮೇಲಕ್ಕೆ ಏರುವುದೇ ಇಲ್ಲ.

ಮಾಡಬೇಕಾದದ್ದು ಬಹಳ ಖರ್ಚಿನ ಕೆಲಸವಲ್ಲ. ಇಂಗ್ಲಿಷ್ ತರಬೇತಿಯ ಮೊದಲ ದಿನ ಪ್ರತಿಯೊಬ್ಬ ಶಿಕ್ಷಕರೂ ತಾವು ಇಂಗ್ಲಿಷ್ ಕಲಿತ ಕತೆಯನ್ನು ತಮಗೆ ಒಗ್ಗಿದ ಭಾಷೆಯಲ್ಲಿ ಬರೆದು, ಮನಸ್ಸಿದ್ದರೆ ಓದಿ ಹೇಳಲಿ. ಎರಡನೆಯ ದಿನ ಅವರಿಗೆ ಗೊತ್ತಿಲ್ಲದ ಭಾಷೆಯೊಂದನ್ನು – ಕನ್ನಡದವರಿಗೆ ಲಂಬಾಣಿಯನ್ನೋ ತುಳುವನ್ನೋ – ಒಂದೆರಡು ಗಂಟೆ ಕಲಿಸಲಿ. ಅರ್ಥವಾಗದ ಮಾತಿನ ನಡುವೆ ಕೂರುವುದು ಎಂಥದೆಂದು ಉಪನ್ಯಾಸಕ್ಕಿಂತ ಅದು ಚೆನ್ನಾಗಿ ತಿಳಿಸುತ್ತದೆ. ನಾನು ಒಂದೆರಡು ಬಾರಿ ಇದನ್ನು ಮಾಡಿ ನೋಡಿದ್ದೇನೆ. ಅರ್ಧ ಗಂಟೆಯೊಳಗೆ ಹಿಂದಿನ ಬೆಂಚಿನವರು ಮಾತಾಡಲು ಶುರು ಮಾಡಿದ್ದರು, ಥೇಟ್ ನಮ್ಮ ಮಕ್ಕಳ ಹಾಗೆಯೇ. ಮೂರನೆಯದಾಗಿ, ತಾಂಡಾದ ಮಕ್ಕಳು ಹೆಚ್ಚಾಗಿರುವ ಶಾಲೆಗಳಿಗೆ ಲಂಬಾಣಿ ಬಲ್ಲವರನ್ನು ನಿಯೋಜಿಸುವಾಗ ಆ ಭಾಷೆಯನ್ನು ಒಂದು ಅರ್ಹತೆಯಾಗಿ ಎಣಿಸಲಿ. ನಾಲ್ಕನೆಯದಾಗಿ, ಖಾಲಿ ಹುದ್ದೆಗಳ ಭಾರವನ್ನು ಹೊತ್ತಿರುವ ಅತಿಥಿ ಶಿಕ್ಷಕರನ್ನು ತರಬೇತಿಯ ಹೊರಗಿಡುವುದು ನಿಲ್ಲಲಿ. ಕೊನೆಯದಾಗಿ, ಕ್ಲಸ್ಟರ್ ಸಭೆಗಳಲ್ಲಿ ಅಂಕಿಅಂಶಗಳ ನಮೂನೆ ತುಂಬುವ ಹೊತ್ತಿನಲ್ಲಿ ಒಂದಿಷ್ಟನ್ನು ಉಳಿಸಿ, ಒಬ್ಬ ಶಿಕ್ಷಕರ ಒಂದು ಪಾಠವನ್ನು ಉಳಿದವರು ಚರ್ಚಿಸಲಿ.

ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪರೀಕ್ಷೆ ಕೊಟ್ಟ ಮೇಲೆ ಅನ್ಯಾಯವೆಲ್ಲಿಂದ ಬಂತು ಎಂದು ಕೇಳುವವರು ಅಮೆರಿಕದ ಒಂದು ತೀರ್ಪನ್ನು ಗಮನಿಸಬಹುದು. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಭಾಷಿಕ ಮಕ್ಕಳ ಪರವಾಗಿ ಹೂಡಿದ್ದ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 1974ರಲ್ಲಿ, ಇಂಗ್ಲಿಷ್ ಅರ್ಥವಾಗದ ಮಕ್ಕಳಿಗೆ ಉಳಿದವರಿಗೆ ಕೊಟ್ಟ ಪುಸ್ತಕ, ಶಿಕ್ಷಕ, ಪಠ್ಯಗಳನ್ನೇ ಕೊಟ್ಟ ಮಾತ್ರಕ್ಕೆ ಸಮಾನತೆ ಸಿದ್ಧಿಸುವುದಿಲ್ಲವೆಂದು ಹೇಳಿತು. ಮಂಗಳೂರಿನ ಮಗುವಿಗೂ ಯಡ್ರಾಮಿಯ ತಾಂಡಾದ ಮಗುವಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು, ಶೇ 91 ಮತ್ತು ಶೇ 42 ಎಂಬ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನಮ್ಮನ್ನು ನಾವೇ ಹೀಯಾಳಿಸಿಕೊಳ್ಳುವಾಗ ಈ ಮಾತು ನೆನಪಿರಬೇಕು.

ಇಂಗ್ಲಿಷ್ ಬೇಕೇ ಬೇಡವೇ ಎಂಬ ವಾಗ್ವಾದ ಪಟ್ಟಣಗಳಲ್ಲಿ ನಡೆಯುತ್ತಿರಲಿ. ಯಡ್ರಾಮಿಯ ತಂದೆತಾಯಿಗಳು ಆ ವಿಷಯದಲ್ಲಿ ಎಂದೋ ತೀರ್ಮಾನಕ್ಕೆ ಬಂದಿದ್ದಾರೆ. ಮಗನ ಕೈಯಲ್ಲಿ ಗುದ್ದಲಿಯ ಬದಲು ಬೇರೇನಾದರೂ ಇರಬೇಕಾದರೆ ಇಂಗ್ಲಿಷ್ ಬೇಕೆಂದು ಅವರು ನಂಬಿದ್ದಾರೆ. ಆ ನಂಬಿಕೆಯನ್ನು ನಡೆಸಿಕೊಡಬೇಕಾದವರು, ಅದೇ ಊರುಗಳಿಂದ ಅದೇ ದಾರಿಯಲ್ಲಿ ತಡವರಿಸುತ್ತ ನಡೆದುಬಂದ ಮಾಸ್ತರರು. ಮುಂದಿನ ಫಲಿತಾಂಶಕ್ಕೂ ಮೊದಲೇ ಅವರನ್ನು ನೋಟಿಸಿಲ್ಲದೆ ಒಮ್ಮೆ ಕರೆದು ಕೂರಿಸಿ, ಅವರು ಹೇಗೆ ಕಲಿತರೆಂದು ಇಲಾಖೆ ಕೇಳಲಿ.